ಎರಡೂ ಪಾದ ಮುಟ್ಟಿ ನೋಡುವ ಬತೂಲ್

ದಿನ ತುಂಬದೆ ಹುಟ್ಟಿದ ಅಂಗೈಯಗಲದ ಕೂಸುಗಳ ಆರೈಕೆಯನ್ನು ತೆತ್ವಾನ್ ಸೀಮೆಯ ದಾದಿಯರಿಗೆ ಕಲಿಸಿದವರು ಯಾರೆಂದು ಕೇಳಿದರೆ, ಡಾಕ್ಟರುಗಳೂ ಅನುಮಾನಿಸದೆ ಹೇಳುವ ಹೆಸರು ಶ್ರೀಮತಿ ಬತೂಲ್ ಅಂದಲೂಸಿಯವರದು. ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಹೊಗಳಲು ವಿಶೇಷಣಗಳಿಗೆ ಬರವಿಲ್ಲ. ಆದರೆ ವಿಶೇಷಣಗಳಿಂದ ಯಾವ ಕೂಸೂ ಬದುಕಿಲ್ಲ. ಅವರ ಬೆಲೆ ತಿಳಿಯಬೇಕಾದರೆ ಅವರು ತಪ್ಪು ಮಾಡಿದ ದಿನವನ್ನೇ ಹೇಳಬೇಕು. ಅವರೂ ಅದನ್ನು ಬಚ್ಚಿಟ್ಟವರಲ್ಲ.

ಬೆಟ್ಟದ ಹಳ್ಳಿಗಳಲ್ಲಿ ಹೇಸರಗತ್ತೆಯ ಮೇಲೆ ಓಡಾಡಿ ಹೆರಿಗೆ ಮಾಡಿಸುತ್ತಿದ್ದ ಬತೂಲ್, ಸೇವೆಯ ಹತ್ತನೇ ವರ್ಷಕ್ಕೆ ನಗರದ ಆಸ್ಪತ್ರೆಯ ಎಳೆಗೂಸುಗಳ ವಾರ್ಡಿಗೆ ಬಂದರು. ಅಲ್ಲಿ ಕೂಸಿನ ಹೊಕ್ಕುಳಿನ ರಕ್ತನಾಳಕ್ಕೆ ದಾರದಷ್ಟು ಸಣ್ಣ ಕೊಳವೆ ತೂರಿಸುತ್ತಾರೆ. ರಕ್ತದೊತ್ತಡ ತಿಳಿಯುವುದು ಅದರಿಂದಲೇ, ಪರೀಕ್ಷೆಗೆ ರಕ್ತ ಸಿಗುವುದೂ ಅದರಿಂದಲೇ. ಆದರೆ ಕೊಳವೆಯ ಕಾಟಕ್ಕೆ ನಾಳ ಬಿಗಿದುಕೊಂಡರೆ ಕಾಲಿಗೆ ರಕ್ತ ಹರಿಯುವುದು ನಿಂತು ಬೆರಳು ಸಾಯುತ್ತದೆ. ಆದ್ದರಿಂದ ಗಂಟೆಗೊಮ್ಮೆ ಎರಡೂ ಪಾದದ ಬಣ್ಣ ನೋಡಬೇಕು, ಪಾದಕ್ಕೆ ಏನನ್ನೂ ಹೊದಿಸಬಾರದು ಎಂಬುದು ಬತೂಲರ ಕಟ್ಟಪ್ಪಣೆ. ಅದನ್ನು ಮರೆತ ದಾದಿಯನ್ನು ಎಲ್ಲರೆದುರು ಬೈಯುತ್ತಿದ್ದರು. ಸಂಜೆ ಅವಳನ್ನೇ ಮನೆಗೆ ಕರೆದೊಯ್ದು ಬಿಸಿ ಹರೀರಾ ಸಾರು ಕುಡಿಸುತ್ತಿದ್ದರು.

ಇಕ್ರಾಮ್ ಎಂಬ ಹುಡುಗಿಯ ಚೊಚ್ಚಲ ಮಗಳು ಏಳುನೂರ ಎಂಬತ್ತು ಗ್ರಾಂ ಇದ್ದಳು. ಅವಳ ಹೊಕ್ಕುಳಿಗೂ ಕೊಳವೆ ಹಾಕಿದ್ದರು. ಏಳನೆಯ ದಿನ, ಹೆಸರಿಡುವ ದಿನ, ಕೂಸಿನ ಅಜ್ಜಿ, ಹಜ್ ಯಾತ್ರೆ ಮುಗಿಸಿ ಬಂದ ಹಜ್ಜಾ ಯಾಮ್ನಾ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತರು.

“ಏಳನೇ ದಿನ ಮೊಮ್ಮಗಳನ್ನ ಮುಟ್ಟದ ಅಜ್ಜಿ ಎಲ್ಲಾದ್ರೂ ಇದಾಳೇನೇ? ನಿನ್ನ ಗಾಜಿನ ಪೆಟ್ಟಿಗೆ ಕದಿಯೋಕೆ ಬಂದಿದೀನಾ?”

“ಮೊಣಕೈವರೆಗೂ ಸೋಪು ಹಾಕಿ ತೊಳ್ಕೋ ಹಜ್ಜಾ. ಒಂದೇ ನಿಮಿಷ,” ಎಂದರು ಬತೂಲ್.

ಅಷ್ಟರಲ್ಲಿ ಪಕ್ಕದ ಕೂಸಿನ ಯಂತ್ರ ಕೂಗಿತು. ಬತೂಲ್ ಅತ್ತ ತಿರುಗಿದರು. ಮರಳಿ ಬಂದಾಗ ಮುಕ್ಕಾಲು ಗಂಟೆ ಕಳೆದಿತ್ತು, ಕೂಸಿನ ಬಲಗಾಲಿಗೆ ಹೆಬ್ಬೆರಳ ಗಾತ್ರದ ಉಣ್ಣೆಯ ಕಾಲುಚೀಲವಿತ್ತು. ಎಳೆದು ತೆಗೆದರು. ಬೆರಳಿಂದ ಅಂಗಾಲಿನವರೆಗೆ ಕೆಂಪಗೆ ಮದರಂಗಿ.

“ಅಯ್ಯೋ ಹಜ್ಜಾ, ಏನು ಮಾಡಿಬಿಟ್ಟೆ?”

“ಮದರಂಗಿ ಕಣೇ. ಬೋಳುಗಾಲಲ್ಲಿ ಏಳನೇ ದಿನ ಕಳೆಯೋಕೆ ನಮ್ಮ ಹುಡುಗಿ ಏನು ದಿಕ್ಕಿಲ್ಲದವಳಾ?”

ಬತೂಲ್ ಒದ್ದೆ ಹತ್ತಿಯಿಂದ ಒರೆಸಿದರು. ಬಣ್ಣ ಹೋಗಲಿಲ್ಲ. ಕೆಂಪಿನ ಕೆಳಗೆ ರಕ್ತ ಇದೆಯೋ ಇಲ್ಲವೋ ಕಣ್ಣಿಗೆ ತಿಳಿಯುವಂತಿರಲಿಲ್ಲ. ಎಡ ಪಾದ ಮುಟ್ಟಿದರು, ಬೆಚ್ಚಗಿತ್ತು. ಬಲ ಪಾದ ತಣ್ಣಗಿತ್ತು. ಮದರಂಗಿ ತಲುಪದ ಹಿಮ್ಮಡಿ ಸುಣ್ಣದಂತೆ ಬಿಳಿಚಿತ್ತು. ಎಷ್ಟು ಹೊತ್ತಿನಿಂದ ಹೀಗಿದೆ? ಅವರು ಡಾಕ್ಟರನ್ನು ಕೂಗಿದರು.

ಓಡಿಬಂದ ಎಳೆಯ ಡಾಕ್ಟರ್ ಅನ್ವರ್ ಬೆಚ್ಚನೆಯ ಬಟ್ಟೆಯನ್ನು ಬಲಗಾಲಿಗೆ ಸುತ್ತಹೋದರು.

“ಆ ಕಾಲಿಗಲ್ಲ!” ಎಂದು ಬತೂಲ್ ತಡೆದರು. “ರಕ್ತ ಇಲ್ಲದ ಕಾಲು ಬೆಂದುಹೋಗುತ್ತೆ. ಎಡಗಾಲಿಗೆ ಸುತ್ತಪ್ಪ. ಅದು ಬೆಚ್ಚಗಾದ್ರೆ ಇದರ ನಾಳಾನೂ ಸಡಿಲ ಆಗ್ಬಹುದು. ಹದಿನೈದು ನಿಮಿಷ. ಆಗ್ಲಿಲ್ಲ ಅಂದ್ರೆ ಕೊಳವೆ ತೆಗೆಯೋದೇ.”

“ತೆಗೆದ್ರೆ ರಕ್ತದೊತ್ತಡ ಏನು ಕವಡೆ ಹಾಕಿ ನೋಡ್ಲಾ ಲಲ್ಲಾ ಬತೂಲ್? ಇಷ್ಟು ಪುಟ್ಟ ಕೈಯಲ್ಲಿ ಕೊಳವೆ ತೂರಿಸೋಕೆ ಇನ್ನೊಂದು ನಾಳ ಎಲ್ಲಿದೆ?”

ಡಾಕ್ಟರ ಮಾತು ಸುಳ್ಳಲ್ಲ. ಕೊಳವೆ ಉಳಿದರೆ ಕಾಲು ಹೋಗಬಹುದು, ತೆಗೆದರೆ ಕೂಸೇ ಹೋಗಬಹುದು. ಬತೂಲ್ ಹಿಮ್ಮಡಿಯ ಮೇಲೆ ಬೆರಳಿಟ್ಟು ನಿಂತರು. ಐದು ನಿಮಿಷ, ಬಿಳಿ. ಹತ್ತು ನಿಮಿಷ, ಬಿಳಿ. ಹದಿನೈದಕ್ಕೂ ಬಿಳಿಯೇ. ಗಾಜಿನಾಚೆ ಇಕ್ರಾಮ್ ಯಾಮ್ನಾರ ತೋಳು ಹಿಡಿದುಕೊಂಡು ಅಳುತ್ತಿದ್ದಳು.

“ಇನ್ನೈದು ನಿಮಿಷ ನೋಡೋಣ,” ಎಂದರು ಡಾಕ್ಟರು.

“ಆಸೆಗೆ ಮಣಿದ್ರೆ ಬೆರಳು ಕೊಳೆಯುತ್ತೆ. ಹದಿನೈದು ಅಂದ್ರೆ ಹದಿನೈದು. ಹೂಂ ಅನ್ನಿ.”

ಡಾಕ್ಟರು ಹೂಂ ಅಂದರು. ಬತೂಲ್ ಕೊಳವೆ ಎಳೆದರು. ನಾಳ ಹಿಂದೆಯೇ ಮುಚ್ಚಿಕೊಳ್ಳಲೆಂದು ಕೊನೆಯ ಭಾಗವನ್ನು ನಿಮಿಷಕ್ಕೊಂದು ಬೆರಳಗಲದಂತೆ ನಿಧಾನವಾಗಿ ಹೊರತೆಗೆದರು. ಕೊಳವೆ ಹೊರಬಂದ ಮೇಲೂ ಹಿಮ್ಮಡಿ ಬಿಳಿಯೇ. ಇಪ್ಪತ್ತು ನಿಮಿಷದ ಮೇಲೆ ಅಂಚಿನಲ್ಲಿ ಸಣ್ಣಗೆ ನಸುಗೆಂಪು ಮೂಡಿತು. ಅನ್ವರ್ ಗೋಡೆಗೊರಗಿ ಕುಳಿತುಬಿಟ್ಟರು.

ಅಜ್ಜಿಯರನ್ನೆಲ್ಲ ವಾರ್ಡಿನಿಂದ ಹೊರಗಿಡಬೇಕೆಂದು ಮೇಲಿನವರು ಗುಡುಗಿದರು. ಬತೂಲ್ ವರದಿಯಲ್ಲಿ ಬರೆದದ್ದು ಎರಡೇ ಸಾಲು: “ಪಾದ ಯಾಕೆ ಬರಿದಾಗಿರಬೇಕೆಂದು ನಾನು ಅಜ್ಜಿಗೆ ಹೇಳಿರಲಿಲ್ಲ. ನಾನು ಬೆನ್ನು ತಿರುಗಿಸಿದೆ.” ಆಮೇಲೆ ಯಾಮ್ನಾರನ್ನು ಒಳಗೆ ಕರೆದು, “ಬಣ್ಣ ಹೋಗೋಕೆ ಎರಡು ವಾರ ಬೇಕು, ಅಲ್ಲೀವರೆಗೆ ನಮ್ಮ ಕಣ್ಣಿಂದ ಆಗದ ಕೆಲಸ. ದಾದಿಯರ ಜೊತೆ ನೀನೂ ಗಂಟೆಗೊಮ್ಮೆ ಎರಡೂ ಪಾದ ಮುಟ್ಟಿ, ಯಾವುದು ತಣ್ಣಗಿದೆ ಹೇಳು,” ಎಂದರು. ಮುದುಕಿ ಹದಿನಾಲ್ಕು ದಿನವೂ ಬಂದರು, ಒಂದು ದಿನವೂ ಜಗಳವಾಡಲಿಲ್ಲ. ರಕ್ತದೊತ್ತಡವನ್ನು ದಾದಿಯರು, ಕೊಳವೆಯಷ್ಟು ನಿಖರವಲ್ಲದಿದ್ದರೂ, ತೋಳಿಗೆ ಸುತ್ತುವ ಪುಟ್ಟ ಪಟ್ಟಿಯಿಂದಲೇ ನೋಡಿಕೊಂಡರು. ಕೂಸು ಉಳಿಯಿತು, ಐದು ಬೆರಳೂ ಉಳಿದವು. ಕಿರುಬೆರಳಿನ ಉಗುರು ಮಾತ್ರ ಮತ್ತೆ ಬರಲಿಲ್ಲ. ಅಂದಿನಿಂದ ಆ ವಾರ್ಡಿನಲ್ಲಿ ಏಳನೆಯ ದಿನದ ಮದರಂಗಿ ತಾಯಿಯ ಅಂಗೈಗೆ. ಅಜ್ಜಿಯರಿಗೆ ಮೊದಲ ಪಾಠ ಪಾದ ಮುಟ್ಟುವುದು.

ಬತೂಲ್ ಅಂದಲೂಸಿಯವರಿಗೆ ದೀರ್ಘಾಯುಸ್ಸು, ಗಟ್ಟಿ ಮಂಡಿ, ಮೊಮ್ಮಕ್ಕಳ ಗಲಾಟೆ ಎಲ್ಲವೂ ದೊರೆಯಲಿ. ಆದರೆ ಪೂರ್ತಿ ವಿಶ್ರಾಂತಿಯನ್ನು ಹಾರೈಸುವಷ್ಟು ದೊಡ್ಡ ಮನಸ್ಸು ಆ ವಾರ್ಡಿನಲ್ಲಿ ಯಾರಿಗೂ ಇಲ್ಲ. ಈಗಲೂ ಅಲ್ಲಿ ಒಂಬತ್ತು ಕೂಸುಗಳಿವೆ, ನಾಲ್ಕಕ್ಕೆ ಕೊಳವೆ ಇದೆ, ಹೊಸ ದಾದಿಯರ ಕೈಗೆ ಬಿಸಿ ತಂಪಿನ ವ್ಯತ್ಯಾಸ ಇನ್ನೂ ಸರಿಯಾಗಿ ತಿಳಿಯದು. ಸನ್ಮಾನದ ಶಾಲು ಮನೆಯಲ್ಲಿಟ್ಟು ಅವರು ಸೋಮವಾರ ಬರಲಿ.