ಸ್ಪ್ರೂಸ್ ಗಿಡದ ತುದಿ

ಬಸವೇಶ್ವರನಗರದ ನಮ್ಮ ಮನೆಯಲ್ಲಿ ತೋಟವೆಂದರೆ ಗೇಟಿಗೂ ನೀರಿನ ಸಂಪಿಗೂ ನಡುವೆ ಉಳಿದಿರುವ ಒಂದು ಪಟ್ಟಿ ಮಣ್ಣು. ಅಷ್ಟರಲ್ಲೇ ನನಗೆ ಸ್ಪ್ರೂಸ್ ಬೆಳೆಸುವ ಹುಚ್ಚು ಹಿಡಿಯಿತು. ಹಿಮ ಬೀಳುವ ಊರಿನ ಸೂಜಿ ಎಲೆಯ ಮರ ಅದು. ಶಿಮ್ಲಾ ಪ್ರವಾಸದಲ್ಲಿ ಒಂದು ಹೋಟೆಲಿನ ಅಂಗಳದಲ್ಲಿ, ಬೂದಿ ಬಳಿದುಕೊಂಡಂಥ ನೀಲಿ ಬಣ್ಣದಲ್ಲಿ ನಿಂತಿದ್ದ ಒಂದನ್ನು ಕಂಡಿದ್ದೆ. ಮಿಕ್ಕವರೆಲ್ಲ ಬೆಟ್ಟದ ಫೋಟೊ ತೆಗೆಯುತ್ತಿದ್ದರೆ ನಾನು ಅದರ ತೊಗಟೆ ಮೂಸುತ್ತಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳಿಗೆ ಇಂಥ ಚಟ ಇದ್ದದ್ದೇ. ಬೆಂಗಳೂರಿನ ಸೆಖೆಗೆ ಅದು ಬಾಳುವುದಿಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದವು. ನನಗೆ ಕಣ್ಣಾರೆ ನೋಡಬೇಕಿತ್ತು.

ಹುಡುಕುವುದೇ ಒಂದು ಪಾಡಾಯಿತು. ನಮ್ಮ ಕಡೆಯ ನರ್ಸರಿಗಳಲ್ಲಿ ಮೇಲೆ ಚೂಪಾಗಿರುವುದೆಲ್ಲ ಕ್ರಿಸ್‌ಮಸ್ ಟ್ರೀ. ಕೆಂಗೇರಿ ದಾಟಿದ ಮೇಲೆ ಸಿಕ್ಕ ಒಂದು ನರ್ಸರಿಯವನು, "ಇದೂ ಸ್ಪ್ರೂಸೇ ಮೇಡಂ, ಅದೂ ಸ್ಪ್ರೂಸೇ. ನಿಮ್ಗೆ ಯಾವ್ದು ಇಷ್ಟಾನೋ ಅದು ತಗೊಳ್ಳಿ" ಎಂದ. ಸ್ಪ್ರೂಸಿನ ಎಲೆಗೆ ನಾಲ್ಕು ಅಂಚು. ಬೆರಳುಗಳ ನಡುವೆ ಇಟ್ಟು ಹೊಸೆದರೆ ಉರುಳುತ್ತದೆ. ಚಪ್ಪಟೆ ಎಲೆಯಾದರೆ ಉರುಳುವುದಿಲ್ಲ. ನಾನು ಕುಂಡಕ್ಕೊಂದು ಎಲೆ ಕಿತ್ತು ಹೊಸೆಯುತ್ತ ಹೋದೆ. "ನೀವು ಹಿಂಗೇ ಕೀಳ್ತಾ ಹೋದ್ರೆ ನಾನು ಬರೀ ಕುಂಡ ಮಾರ್ಬೇಕಾಗುತ್ತೆ ಮೇಡಂ" ಎಂದು ಅವನು ಗೊಣಗಿದ. ಕೊನೆಗೆ ಮೂಲೆಯಲ್ಲಿದ್ದ, ಊಟಿಯಿಂದ ಬಂದಿದ್ದ ಮೊಣಕಾಲೆತ್ತರದ ಬಡಕಲು ಸಸಿಯೊಂದರ ಎಲೆ ನನ್ನ ಬೆರಳಲ್ಲಿ ಉರುಳಿತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ್ದು ಬೇಡ, ಬುಡದಲ್ಲಿ ನೀರು ನಿಲ್ಲಬಾರದು. ಅಂಥ ಜಾಗ ನಮ್ಮಲ್ಲಿ ಒಂದೇ ಇತ್ತು. ಅಲ್ಲಿ ಅತ್ತೆಯ ಕೆಂಪು ದಾಸವಾಳವಿತ್ತು. ಅದಕ್ಕೆ ಬಿಳಿ ಹಿಟ್ಟಿನಂಥ ಹುಳ ಹತ್ತಿ ಎಲೆಗಳು ಮುದುರಿದ್ದವು.

"ಇದು ಇನ್ನು ಉಳಿಯಲ್ಲ ಅತ್ತೆ, ತೆಗೆಸ್ಲಾ?" ಎಂದೆ.

"ನಿನ್ನಿಷ್ಟ ಕಣಮ್ಮ" ಎಂದರು.

ಅತ್ತೆ "ನಿನ್ನಿಷ್ಟ" ಎಂದರೆ ಅವರಿಗೆ ಇಷ್ಟವಿಲ್ಲ ಎಂದು ಮದುವೆಯಾದ ಹೊಸದರಲ್ಲೇ ಕಲಿತಿದ್ದೆ. ಆದರೂ ತೆಗೆಸಿದೆ.

ಆ ದಾಸವಾಳದಿಂದ ನನಗೊಂದು ಕಿರಿಕಿರಿಯೂ ಇತ್ತು. ನಮ್ಮ ಏರಿಯಾದಲ್ಲಿ ವಾಕಿಂಗ್ ಹೋಗುವವರ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇರುತ್ತದೆ. ಕಾಂಪೌಂಡಿನಾಚೆಗೆ ಬಾಗಿದ ಹೂವೆಲ್ಲ ಅವರ ದೇವರಿಗೆ. ಅತ್ತೆ ದಿನಾ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, "ಗಿಡ ಬೋಳು ಮಾಡ್ಬೇಡಿ, ನಮ್ಮನೆ ದೇವ್ರಿಗೂ ನಾಲ್ಕು ಬಿಡಿ" ಎಂದು ಗದರುತ್ತಿದ್ದರು. ಆಮೇಲೆ ಅದೇ ಜನರ ಜೊತೆ ಮಂಡಿನೋವು, ಸೊಸೆಯಂದಿರು, ತರಕಾರಿ ಅಂತ ಅರ್ಧ ಗಂಟೆ ಮಾತು. ದಾಸವಾಳ ಹೋದ ಮೇಲೆ ಬೀದಿ ತಣ್ಣಗಾಯಿತು. ಸದ್ಯ, ಕಾಟ ತಪ್ಪಿತು ಎಂದುಕೊಂಡೆ.

ಬೇಸಿಗೆಯಲ್ಲಿ ಸ್ಪ್ರೂಸಿನ ಬುಡಕ್ಕೆ ಒಣ ಎಲೆ ಹರಡಿ, ಅದರ ಮೇಲೆ ಫ್ರಿಜ್ಜಿನ ಐಸ್ ಇಟ್ಟೆ. "ಒಂದು ಎಸಿನೂ ಹಾಕಿಸ್ಬಿಡು" ಎಂದು ನನ್ನ ಗಂಡ ನಕ್ಕರು. ಅತ್ತೆ ನಗಲಿಲ್ಲ. "ಹೂ ಬಿಡಲ್ಲ, ಹಣ್ಣು ಬಿಡಲ್ಲ. ಮತ್ತೆ ಯಾಕಮ್ಮ ಇದು?" ಎಂದರು.

"ನೋಡೋಕೆ ಅತ್ತೆ."

"ಹೂಂ. ನೋಡೋಣ."

ನಾನಂತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಮಳೆ ಹಿಡಿದ ಮೇಲೆ ಕೊಂಬೆಗಳ ತುದಿಯಲ್ಲಿ ಮೊಗ್ಗು ಉಬ್ಬಿದವು. ಒಂದೊಂದರ ಮೇಲೂ ತೆಳು ಕಾಗದದಂಥ ಕಂದು ಟೋಪಿ. ಅದು ಕಳಚಿ ಬಿದ್ದರೆ ಒಳಗೆ ಮಗುವಿನ ಕೂದಲಿನಷ್ಟು ಮೆತ್ತಗಿನ ತಿಳಿಹಸಿರು. ನಡುವಿನ ತುದಿ ಮಾತ್ರ ನೆಟ್ಟಗೆ ಆಕಾಶಕ್ಕೆ ಎದ್ದಿತು. ಇಡೀ ಮರದ ಆಕಾರಕ್ಕೆ ಆ ಒಂದು ತುದಿಯೇ ಯಜಮಾನ. ಅದು ಮುರಿದರೆ ಗಿಡ ದಿಕ್ಕು ತಪ್ಪಿ ಬರೀ ಪೊದೆಯಾಗುತ್ತದೆ. ಕಾಲೇಜಿಗೆ ಹೊರಡುವಾಗ ದಿನಾ ಅದನ್ನು ಮುಟ್ಟಿಯೇ ಗೇಟು ದಾಟುತ್ತಿದ್ದೆ. ಅದೇ ಗೇಟಿನ ಬಳಿ ಅತ್ತೆ ಕಾಫಿ ಹಿಡಿದು ಕೂತಿರುತ್ತಿದ್ದರು. ಕಾಫಿ ಆರಿ ಕೆನೆಗಟ್ಟುತ್ತಿತ್ತು.

ಗಣೇಶನ ಹಬ್ಬದ ಬೆಳಿಗ್ಗೆ ರಂಗೋಲಿ ಹಾಕಲು ಬಂದರೆ ತುದಿ ಇಲ್ಲ! ಚಿವುಟಿದ ಜಾಗದಲ್ಲಿ ಅಂಟು ಒಸರುತ್ತಿತ್ತು. ನನಗೆ ತಕ್ಷಣ ಹೊಳೆಯಿತು. ಪೂಜೆಗೆ ಇಪ್ಪತ್ತೊಂದು ಬಗೆಯ ಪತ್ರೆ ಬೇಕು. ಲೆಕ್ಕ ತುಂಬಿಸಲು ನಮ್ಮ ಜನ ಕಣ್ಣಿಗೆ ಬಿದ್ದ ಹಸಿರನ್ನೆಲ್ಲ ಕೀಳುತ್ತಾರೆ. ಪಿತ್ತ ನೆತ್ತಿಗೇರಿ, "ಯಾರ್ರೀ ಅದು? ಹಿಮಾಲಯದ ಗಿಡಾನೂ ಬಿಡಲ್ವಾ ನೀವು?" ಎಂದು ಖಾಲಿ ಬೀದಿಗೆ ಕೂಗಿದೆ.

"ಕೂಗ್ಬೇಡ್ವೇ, ನಾನೇ ಕಿತ್ತು ಕೊಟ್ಟೆ" ಎಂದರು ಹಿಂದಿನಿಂದ ಅತ್ತೆ.

ನಾನು ರಂಗೋಲಿ ಡಬ್ಬಿ ಕೆಳಗಿಟ್ಟು ಅವರ ಕಡೆ ತಿರುಗಿದೆ.

"ಕುರುಬರಹಳ್ಳಿಯಿಂದ ಬರ್ತಿದ್ರಲ್ಲ, ನನ್ ಜೊತೆ ದಿನಾ ಜಗಳ ಆಡ್ತಿದ್ರಲ್ಲ, ಅವ್ರು. ಎಷ್ಟೋ ತಿಂಗ್ಳಾದ್ಮೇಲೆ ಇವತ್ತು ಗೇಟ್ ಹತ್ರ ನಿಂತ್ಕೊಂಡ್ರು. ಹಬ್ಬದ ದಿನ ಬರಿಗೈಲಿ ಹೇಗೆ ಕಳಿಸ್ಲಿ? ಕೊಡೋಕೆ ಮನೆ ಮುಂದೆ ಇನ್ನೇನಿತ್ತು? ಇರೋದ್ರಲ್ಲಿ ಎಳೇದು ನೋಡಿ ಕೊಟ್ಟೆ."

ಅತ್ತೆ ಗೇಟಿನ ಬಳಿ ಯಾರಿಗಾಗಿ ಕಾಯುತ್ತಿದ್ದರು ಎಂದು ನನಗೆ ಆಗ ತಿಳಿಯಿತು. ಮೊಗ್ಗಿನ ಟೋಪಿ ಬೀಳುವುದನ್ನೂ ಬಿಡದೆ ನೋಡುತ್ತಿದ್ದವಳಿಗೆ ಎದುರಿಗೇ ಆರುತ್ತಿದ್ದ ಕಾಫಿ ಕಂಡಿರಲಿಲ್ಲ.

ಪೂಜೆ ಮುಗಿದ ಮೇಲೆ ಪಕ್ಕದ ಬೀದಿಯ ಮನೆಯೊಂದರಲ್ಲಿ ಕೇಳಿ ದಾಸವಾಳದ ಕಡ್ಡಿ ತಂದೆ. ಸ್ಪ್ರೂಸಿನ ಪಕ್ಕದಲ್ಲೇ, ಅದರ ಬಿಸಿಲಿನಲ್ಲೇ ಪಾಲು ಕೊಟ್ಟು ಊರಿದೆ. ಆಮೇಲೆ ಸ್ಪ್ರೂಸಿನ ಒಂದು ಪಕ್ಕದ ಕೊಂಬೆಯನ್ನು ಮೇಲಕ್ಕೆತ್ತಿ ಬಿದಿರು ಕಡ್ಡಿಗೆ ಆನಿಸಿದೆ. ಹೀಗೆ ಕಟ್ಟಿದರೆ ಆ ಕೊಂಬೆಯೇ ಮೆಲ್ಲಗೆ ಹೊಸ ತುದಿಯಾಗುತ್ತದಂತೆ. ಆಗುತ್ತದೋ ಇಲ್ಲವೋ, ಅದನ್ನೂ ನೋಡಬೇಕು. ಅತ್ತೆ ಹಳೇ ಸೀರೆಯ ಅಂಚು ಹರಿದು ತಂದು, ನಾನು ಕಟ್ಟುವ ತನಕ ಕೊಂಬೆ ಹಿಡಿದುಕೊಂಡಿದ್ದರು.

"ದಾಸವಾಳ ಹೂ ಬಿಡೋಕೆ ಎಷ್ಟು ದಿನ ಆಗುತ್ತೆ?"

"ಸ್ವಲ್ಪ ಕಾಯ್ಬೇಕು ಅತ್ತೆ."

ಅವರು ಸ್ಪ್ರೂಸನ್ನೇ ನೋಡುತ್ತ, "ಅಲ್ಲೀ ತನಕ ಅವ್ರು ಮತ್ತೆ ಬಂದ್ರೆ?" ಎಂದರು.

"ಕೆಳಗಿನ ಕೊಂಬೆ ಕಿತ್ತು ಕೊಡಿ ಅತ್ತೆ" ಎಂದೆ. "ತುದಿ ಮಾತ್ರ ಬೇಡ."