ಮೊದಲು ಕೇಳಲು ಕಲಿಸಿದವರು

ನಮ್ಮ ಎಲೆಕ್ಟ್ರಾನಿಕ್ಸ್ ಸರ್ ಅವರ ಬಲಗಿವಿಗೆ ಯಾವಾಗಲೂ ತೊಗರಿಬೇಳೆಯ ಧೂಳು ಮೆತ್ತಿರುತ್ತಿತ್ತು. ಯಂತ್ರದ ತಗಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುವುದು ಅವರ ರೂಢಿ.

ತೊಂಬತ್ತರ ದಶಕದ ಕೊನೆ. ಜೇವರ್ಗಿ ಹತ್ತಿರದ ಬೇಳೆ ಗಿರಣಿಯ ಸಾವ್ಕಾರರು ಬೇಳೆ ತೂಗಿ ಚೀಲ ತುಂಬುವ ವಿದೇಶಿ ಯಂತ್ರವೊಂದನ್ನು ಹರಾಜಿನಲ್ಲಿ ತಂದಿದ್ದರು. ಅದರೊಳಗಿನ ಎಲೆಕ್ಟ್ರಾನಿಕ್ ಕಾರ್ಡು ಹೇಳುವುದನ್ನು ಕಂಪ್ಯೂಟರಿಗೆ ತಿಳಿಸುವ ತಂತ್ರಾಂಶ, ಅಂದರೆ ಡ್ರೈವರ್, ಎಲ್ಲೂ ಸಿಗಲಿಲ್ಲ. ತಯಾರಿಸಿದ ಕಂಪನಿಯೇ ಮುಚ್ಚಿಹೋಗಿತ್ತು. ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ನಾವೇ ಬರೆಯೋಣವೆಂದು ಸರ್, ಡಿಪ್ಲೊಮಾ ಮುಗಿಸಿದ್ದ ನನ್ನನ್ನೂ ಗೆಳೆಯನನ್ನೂ ಕರೆದೊಯ್ದರು.

"ಬರದು ಎಲ್ಲಾರಿಗೂ ಪುಕ್ಕಟೆ ಬಿಡೂಣು. ಇಂಥಾದ್ದೇ ಮಷಿನ್ ಇನ್ನ್ಯಾವ ಊರಾಗ ಮೂಕ ಆಗಿ ಕುಂತದೋ ಏನೋ!"

ಮೊದಮೊದಲು ಸರ್ ಕಾರ್ಡಿಗೆ ಯಾವ ಆದೇಶವನ್ನೂ ಕಳಿಸಲು ಬಿಡಲಿಲ್ಲ. ಚೀಲ ಇಟ್ಟಾಗ ಯಾವ ಅಂಕಿ ಬದಲಾಗುತ್ತದೆ, ತೆಗೆದಾಗ ಯಾವುದು, ಬರೀ ಓದಿಸಿದರು. ನನಗೋ ಆತುರ.

"ಅದು ಏನ್ ಹೇಳ್ತದ ಮೊದಲು ಕೇಳು ತಮ್ಮಾ. ಹುಕುಂ ಆಮ್ಯಾಲ ಕೊಡೂಣು" ಎಂದು ನಗುತ್ತಿದ್ದರು.

ಇನ್ನೊಂದು ಕಟ್ಟಳೆಯಿತ್ತು. ಯಂತ್ರದೊಳಗೆ ಕೈ ಹಾಕುವವನೇ ಮೋಟಾರಿನ ಫ್ಯೂಜ್ ಕಿತ್ತು ತನ್ನ ಕಿಸೆಯಲ್ಲಿಟ್ಟುಕೊಳ್ಳಬೇಕು.

ಅಂದು ಸಾವ್ಕಾರರು ನೋಡಲು ಬಂದಿದ್ದರು. ಗೆಳೆಯ ಫ್ಯೂಜ್ ಕಿಸೆಗೆ ಹಾಕಿಕೊಂಡು, ಬೇಳೆ ತಳ್ಳುವ ಸುರುಳಿಗೆ ಸಿಕ್ಕಿದ್ದ ಗೋಣಿದಾರ ಬಿಡಿಸುತ್ತಿದ್ದ.

"ಎಷ್ಟೊತ್ತು ಕಾಯ್ಲಿರಿ ಮಾಸ್ತರ?" ಎಂದರು ಸಾವ್ಕಾರರು.

ಸರ್ ಎದ್ದು ಫ್ಯೂಜ್ ಪೆಟ್ಟಿಗೆಯತ್ತ ಹೋಗಿ ಬಂದರು. ಹುಡುಗ ಕೈ ತೆಗೆದನೇ ಎಂದು ಕೇಳಲಿಲ್ಲ. ಗುಂಡಿ ಒತ್ತಿದರು. ಸುರುಳಿ ತಿರುಗಿತು.

ಈಗಲೂ ಹಿಟ್ಟಿನ ಗಿರಣಿಯ ಮುಂದೆ ಹಾದುಹೋದರೆ ನನ್ನ ಬೆರಳುಗಳು ತಾವಾಗಿಯೇ ಮುಷ್ಟಿಯಾಗುತ್ತವೆ.

ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಪೆಟ್ಟಿಗೆಯಲ್ಲಿ ಫ್ಯೂಜಿನ ಜಾಗಕ್ಕೆ ಸರ್ ತಾಮ್ರದ ತಂತಿ ಸುತ್ತಿದ್ದರು. ಗೆಳೆಯನ ಎರಡು ಬೆರಳು ಹೋಗಿದ್ದವು. ಅವನನ್ನು ಜೀಪಿಗೆ ಹತ್ತಿಸುವಾಗಲೇ ಸರ್ ಸಾವ್ಕಾರರಿಗೆ ಹೇಳುತ್ತಿದ್ದರು:

"ಹುಡುಗ ಫ್ಯೂಜ್ ತಗ್ಯಾದು ಮರತಾನ್ರಿ."

"ಸರ್, ಅವನ ಕಿಸೇದಾಗೇ ಅದಲ್ರೀ!" ಎಂದೆ.

"ನೀ ಬಾಯಿ ಮುಚ್ಕೊಂಡು ಗಾಡಿ ಹತ್ತು."

ಸಾವ್ಕಾರರು ನಂಬಿದ್ದು ಮಾಸ್ತರನ್ನೇ. ಡ್ರೈವರ್ ಬರೆಯುವ ಕೆಲಸವನ್ನು ಸರ್ ಬೇರೆ ಹುಡುಗರ ಜೊತೆ ಮುಗಿಸಿದರು, ಹೇಳಿದಂತೆಯೇ ಎಲ್ಲರಿಗೂ ಪುಕ್ಕಟೆ ಬಿಟ್ಟರು. ಗೆಳೆಯನ ಮನೆಗೆ ಒಮ್ಮೆಯೂ ಹೋಗಲಿಲ್ಲ.

ಇಂದಿಗೂ ಗುರುತಿಲ್ಲದ ಯಂತ್ರದ ಮುಂದೆ ಕೂತರೆ ನಾನು ಮೊದಲು ಬರೀ ಓದುತ್ತೇನೆ. ನನ್ನ ಅನ್ನ ಆ ಮನುಷ್ಯ ಕಲಿಸಿದ ವಿದ್ಯೆಯಿಂದಲೇ ಬರುತ್ತದೆ. ಹಾಗಾಗಿ ಅವರನ್ನು ಪೂರ್ತಿ ದ್ವೇಷಿಸುವುದೂ ನನ್ನಿಂದಾಗಿಲ್ಲ.

ಸರ್ ತೀರಿಕೊಂಡ ಸುದ್ದಿಯನ್ನು ಗೆಳೆಯನಿಗೆ ಫೋನಿನಲ್ಲಿ ನಾನೇ ತಿಳಿಸಿದೆ.

"ಛಲೋ ಕಲಿಸ್ತಿದ್ರು, ಪಾಪ" ಎಂದ. ಫೋನ್ ಇಡುವ ಮುನ್ನ ಕೇಳಿದ: "ಸಾಯೋ ಮುಂದಾದ್ರೂ ಯಾರಿಗರೆ ಹೇಳಿದ್ರೇನಲೇ, ನಾ ಮರತಿರ್ಲಿಲ್ಲ ಅಂತ?"