ಗಂಟು ಮಣ್ಣಿನ ಮೇಲಿರಬೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನರ್ಸರಿಯ ಪ್ಲಾಸ್ಟಿಕ್ ಮಾಡಿನಡಿ, ಸ್ಟೂಲಿನ ಮೇಲೆ ಕೂತ ಹೆಂಗಸು ಅರ್ಧ ಬ್ಲೇಡಿನಿಂದ ಬದನೆ ಸಸಿಯ ತಲೆಯನ್ನು ಓರೆಯಾಗಿ ಕತ್ತರಿಸುತ್ತಾರೆ. ಅಷ್ಟೇ ಓರೆಯಾಗಿ ಕತ್ತರಿಸಿದ ಟೊಮೇಟೊ ಕುಡಿಯನ್ನು ಅದರ ಮೇಲೆ ಕೂರಿಸಿ ಸಣ್ಣ ಕ್ಲಿಪ್ ಹಾಕುತ್ತಾರೆ. ಬಿಸಿಲೇರಿದರೆ ಗಾಯ ಒಣಗುತ್ತದೆ, ಕಸಿ ಕೂಡಿಕೊಳ್ಳುವುದಿಲ್ಲ. ಅದಕ್ಕೇ ಈ ಹೊತ್ತು. ಇವತ್ತು ಮಾತ್ರ ಇವರ ಕಣ್ಣು ಮತ್ತೆ ಮತ್ತೆ ಪಕ್ಕದಲ್ಲಿಟ್ಟ ಫೋನಿನ ಕಡೆ ಹೋಗುತ್ತಿದೆ.

ನರ್ಸರಿಯಲ್ಲಿ ಎಲ್ಲರಿಗೂ ಇವರು ಬ್ಲೇಡಕ್ಕ. “ಮಾತಲ್ಲಿ ಬ್ಲೇಡ್ ಹಾಕೋರು ಬೇರೆ ಇದ್ದಾರೆ, ನಮ್ಮ ಮೇಸ್ತ್ರಿ ಥರ. ನಾನು ಗಿಡಕ್ಕೆ ಮಾತ್ರ” ಎನ್ನುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಇಲ್ಲಿಗೆ ಟ್ರೇ ತೊಳೆಯಲು ಬಂದ ಇವರು ಪಕ್ಕದವರ ಕೈ ನೋಡಿ ಕಸಿ ಕಲಿತರು. ಮೊದಮೊದಲು ಕಟ್ಟಿದವೆಲ್ಲ ಸತ್ತವು. ಈಗ ದಿನಕ್ಕೆ ಆರೇಳುನೂರು ಸಸಿ. ಎಡಗೈ ಹೆಬ್ಬೆರಳಿನ ತುಂಬ ಕೂದಲೆಳೆಯಂಥ ಗೀರು. ಮನೆಯಲ್ಲಿ ಉಪ್ಪಿನ ಡಬ್ಬಿಗೆ ಆ ಕೈ ಹಾಕುವುದಿಲ್ಲ.

ಈ ಕಸಿಯ ಗುಟ್ಟು ಬೇರಿನಲ್ಲಿದೆ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಟೊಮೇಟೊ ಬೇರು ಬೇಗ ಸೋಲುತ್ತದೆ. ಬದನೆ ಬೇರು ಗಟ್ಟಿ ಪಿಂಡ, ಇನ್ನಷ್ಟು ದಿನ ತಡೆಯುತ್ತದೆ.

ಬ್ಲೇಡಕ್ಕನ ತಂಗಿಯ ಗುತ್ತಿಗೆ ಹೊಲ ಹಳ್ಳದ ಮಗ್ಗುಲಿಗಿದೆ. ಹೋದ ಸಲದ ಟೊಮೇಟೊ ನಿಂತ ನೀರಲ್ಲೇ ಕೊಳೆಯಿತು. ಈ ಸಲವೂ ಬೆಳೆ ಕೈಕೊಟ್ಟರೆ ಹೊಲ ಬಿಡಿ ಎಂದು ಜಮೀನಿನವರು ಹೇಳಿಯಾಗಿದೆ. ಕಸಿ ಸಸಿ ನೆಡಿ ಎಂದು ದುಂಬಾಲು ಬಿದ್ದವರು ಬ್ಲೇಡಕ್ಕನೇ. ತಂಗಿಯ ಗಂಡ ಗೇಲಿ ಮಾಡಿದ್ದರಂತೆ: “ಅತ್ತಿಗೆ, ಬದನೆಗೂ ಟೊಮೇಟೊಗೂ ಸಂಬಂಧ ಕುದುರಿಸಿದ್ದೀರಲ್ಲ, ಹುಟ್ಟೋ ಮಕ್ಕಳು ಯಾವ ಬಣ್ಣ?” ಆದರೂ ಹೊಲದ ತುಂಬ ಅದನ್ನೇ ನೆಟ್ಟರು. ಮೊನ್ನೆಯಿಂದ ಸುರಿದ ಮಳೆ ರಾತ್ರಿ ನಿಂತಿದೆ. ಹೊಲದ ನೀರು ಇಳಿದಿಲ್ಲ.

ಫೋನ್ ಬರುತ್ತದೆ. ಗಿಡಗಳು ಇನ್ನೂ ನಿಂತಿವೆ ಎನ್ನುತ್ತಾಳೆ ತಂಗಿ. ಅಕ್ಕನಿಗೆ ಧೈರ್ಯವಾಗಲೆಂದು ಸೇರಿಸುತ್ತಾಳೆ: “ಇವ್ರು ಆಗಲೇ ಬುಡಕ್ಕೆ ಚೆನ್ನಾಗಿ ಮಣ್ಣೇರಿಸಿದ್ರು ಕಣಕ್ಕ. ಎರಡು ವಾರ ಆಯ್ತು. ಒಂದೂ ಅಲ್ಲಾಡಲ್ಲ.”

ಬ್ಲೇಡಕ್ಕನ ಕೈ ನಿಲ್ಲುತ್ತದೆ. “ಗಂಟು ಕಾಣ್ತಿದೆಯೇನೇ?”

ಕಾಣುತ್ತಿಲ್ಲ.

ಬದನೆಯೂ ಟೊಮೇಟೊವೂ ಕೂಡಿದ ಜಾಗವೇ ಗಂಟು. ಅದು ಮಣ್ಣಿನಲ್ಲಿ ಹೂತುಹೋದರೆ ಮೇಲಿನ ಟೊಮೇಟೊ ತಾನೇ ಬೇರು ಬಿಡುತ್ತದೆ. ನೀರು ನಿಂತಾಗ ಮೊದಲು ಕೊಳೆಯುವುದು ಆ ಬೇರು. ಕೊಳೆ ಅಲ್ಲಿಂದ ಕಾಂಡಕ್ಕೆ ಹತ್ತುತ್ತದೆ. ಕೆಳಗಿನ ಬದನೆ ಎಷ್ಟೇ ಗಟ್ಟಿಯಿದ್ದರೂ ಉಪಯೋಗವಿಲ್ಲ.

ಕತ್ತರಿಸಿಟ್ಟ ಕುಡಿಗಳನ್ನು ಬಿಟ್ಟು ಏಳುವಂತಿಲ್ಲ. ಟ್ರೇ ಮುಗಿಸುತ್ತಾರೆ. ಒಂದು ಕ್ಲಿಪ್ ಜಾರಿ ಬೀಳುತ್ತದೆ, ಮತ್ತೊಂದು. ಮೇಸ್ತ್ರಿಯನ್ನು ಕೇಳಿ, ಹೊಸ ಬ್ಲೇಡೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಡುತ್ತಾರೆ.

ಹೊಲದಲ್ಲಿ ತಂಗಿಯ ಗಂಡ ನಿಂತ ನೀರು ಹರಿದುಹೋಗಲು ಕಾಲುವೆ ಬಿಡಿಸುತ್ತಿದ್ದಾರೆ. ತಂಗಿ ಫೋನಿನ ವಿಷಯ ಹೇಳಿದ್ದಾಳೆ. ಅವರು ತಲೆ ಎತ್ತುವುದಿಲ್ಲ. “ಟೊಮೇಟೊಗೆ ಯಾವಾಗ್ಲೂ ಏರಿಸ್ತೀವಲ್ಲ ಅತ್ತಿಗೆ. ಒಳ್ಳೇದಾಗ್ಲಿ ಅಂತಾನೇ ಮಾಡ್ದೆ.”

“ಗೊತ್ತು. ಆ ಕಡೆಯಿಂದ ಬುಡದ ಮಣ್ಣು ಬಗೀತಾ ಬನ್ನಿ. ಕೈಯಲ್ಲೇ. ಗುದ್ದಲಿ ಬೇಡ.”

ಬ್ಲೇಡಕ್ಕ ಮೊದಲ ಗಿಡದ ಬುಡಕ್ಕೆ ಬೆರಳು ಹಾಕುತ್ತಾರೆ. ಗಂಟಿನ ಮೇಲೆ ಬೇರು ಮೂಡಿದೆ, ತುದಿ ಕಂದಾಗಿದೆ. ಕಾಂಡಕ್ಕೆ ತಾಗದಂತೆ ಅದನ್ನು ಕತ್ತರಿಸುತ್ತಾರೆ. ಎರಡನೆಯದರಲ್ಲೂ ಹಾಗೇ. ಮೂರನೆಯ ಕಾಂಡ ಒತ್ತಿದರೆ ಮೆತ್ತಗಿದೆ. ಅದನ್ನು ಕಿತ್ತು ಬದುವಿಗೆ ಎಸೆಯುತ್ತಾರೆ. ನಾಲ್ಕನೆಯದು ಗಟ್ಟಿಯಿದೆ. ಎಷ್ಟು ಉಳಿಯುತ್ತವೆ ಎಂದು ತಂಗಿಯ ಗಂಡ ಕೇಳಿದಾಗ ಐದನೆಯದರ ಬುಡ ಬಗೆಯುತ್ತಾರೆ.

ಬೇರು ಕತ್ತರಿಸಿದ ಗಿಡಕ್ಕೆ ತಕ್ಷಣ ಬಿಸಿಲು ತಾಗಬಾರದಂತೆ. ಎಲೆ ನೀರು ಕೇಳುತ್ತದೆ, ಕೊಡಲು ಕೆಳಗಿನ ಬೇರಿಗೆ ಇನ್ನೂ ತ್ರಾಣವಿರುವುದಿಲ್ಲ. ಇನ್ನೂ ಮುಕ್ಕಾಲು ಹೊಲ ಬಾಕಿಯಿದೆ.

“ಮಳೇನೂ ಬೇಡ, ಬಿಸಿಲೂ ಬೇಡ” ಎನ್ನುತ್ತಾರೆ, ಕೆಸರಿನಿಂದ ಕಣ್ಣು ತೆಗೆಯದೆ. “ಇವತ್ತೊಂದು ದಿನ ಮೋಡ ಹೀಗೇ ಇರ್ಲಿ. ಇನ್ನೇನೂ ಕೇಳಲ್ಲ.”

ಮೋಡ ಚದುರುತ್ತಿದೆ, ಸಾಲಿನ ನೀರಿನ ಮೇಲೆ ಅವರ ನೆರಳು ತೆಳ್ಳಗೆ ಮೂಡುತ್ತಿದೆ. ಅವರೂ ಅದನ್ನು ನೋಡಿದ್ದಾರೆ. ಮುಂದಿನ ಗಿಡಕ್ಕೆ ಸರಿಯುತ್ತಾರೆ.